ನಾನು ನಿಧಾನ ಮಾಡಿದ ಹಾಡು

ನಾನು ಒಂದು ಟೇಪ್ ರೆಕಾರ್ಡರ್. ಹುಟ್ಟಿದ್ದು ಜಪಾನಿನ ಕಾರ್ಖಾನೆಯಲ್ಲಿ, ಬುದ್ಧಿ ಕಲಿತದ್ದು ಧಾರವಾಡದಲ್ಲಿ. ಕಪ್ಪು ಮೈ, ಎದೆಗೊಂದು ಸ್ಪೀಕರ್, ಮುಂದೆ ಆರು ಗುಂಡಿ. ಕೆಂಪು ಗುಂಡಿ ಒತ್ತಿದರೆ ನಾನು ಹಾಡುವುದನ್ನು ಬಿಟ್ಟು ಎದುರಿನವರ ಹಾಡನ್ನು ಹಿಡಿದಿಟ್ಟುಕೊಳ್ಳಬಲ್ಲೆ. ಬಹಳ ವರ್ಷ ಅದನ್ನು ಯಾರೂ ಒತ್ತಲಿಲ್ಲ. ಹೊಟ್ಟೆಯೊಳಗೆ ಒಂದು ರಬ್ಬರ್ ಬೆಲ್ಟ್ ಇದೆ. ಕ್ಯಾಸೆಟ್ಟಿನ ಚಕ್ರ ತಿರುಗುವುದು ಅದರಿಂದಲೇ. ನನ್ನ ಮಾನ ಹೋದದ್ದೂ ಅದರಿಂದಲೇ.

ನನ್ನನ್ನು ಧಾರವಾಡಕ್ಕೆ ತಂದವರು ಕಾಲೇಜಿನಲ್ಲಿ ಪಾಠ ಹೇಳಲು ಬಂದಿದ್ದ ಒಬ್ಬ ಇಂಗ್ಲಿಷ್ ದೊರೆ. ಸ್ವದೇಶಕ್ಕೆ ಹೊರಟಾಗ ಅವರು ನನ್ನನ್ನು ಹೈಸ್ಕೂಲಿನ ವೆಂಕೋಬರಾವ್ ಕೆಂಭಾವಿ ಮಾಸ್ತರರ ಕೈಗಿಟ್ಟರು, ಜೊತೆಗೆ ಒಂದು ಕ್ಯಾಸೆಟ್ಟನ್ನೂ ಕೊಟ್ಟರು. ಅದರಲ್ಲಿ ಅವರ ನಾಡಿನ ಒಂದು ತಂಡದವರು ಗಿಟಾರು, ಪಿಟೀಲು, ಡ್ರಮ್ಮು ಕಟ್ಟಿಕೊಂಡು ಹಳೆಯ ಜನಪದ ಹಾಡುಗಳನ್ನು ಹಾಡಿದ್ದರು. ಅವುಗಳಲ್ಲೊಂದು ಹಾಡು, ಹಡಗು ಹತ್ತಿ ಹೋದ ತಮ್ಮನಿಗಾಗಿ ದಿನಾ ಸಂಜೆ ದೀಪ ಹಿಡಿದು ದಡಕ್ಕೆ ಬರುವ ಅಕ್ಕನದು. ಕಟ್ಟಿದವರು ಯಾರೆಂದು ಯಾರಿಗೂ ತಿಳಿಯದು.

ಅಷ್ಟೊತ್ತಿಗೆ ನನ್ನ ಬೆಲ್ಟ್ ಸಡಿಲಾಗಿತ್ತು. ಐದು ನಿಮಿಷದ ಹಾಡಿಗೆ ನಾನು ಆರು ನಿಮಿಷ ಹಿಡಿಯುತ್ತಿದ್ದೆ. ಹಾಡುವ ಹೆಣ್ಣಿನ ದನಿ ನನ್ನ ಬಾಯಲ್ಲಿ ಗಂಡಸಿನ ದನಿಯಂತೆ ಕೆಳಗಿಳಿಯುತ್ತಿತ್ತು. ಬೇರೆ ಊರಾಗಿದ್ದರೆ ಮೊದಲ ದಿನವೇ ನನ್ನನ್ನು ರಿಪೇರಿಗೆ ಕಳಿಸುತ್ತಿದ್ದರು. ಆದರೆ ಇದು ಗವಾಯಿಗಳ ಊರು. ನಿಧಾನವಾದಷ್ಟೂ ದೊಡ್ಡ ಸಂಗೀತ ಎಂದು ನಂಬಿದವರು ಇಲ್ಲಿನ ಜನ. ಮನೆಯಲ್ಲಿ ಹೋಲಿಸಿ ನೋಡಲು ಇನ್ನೊಂದು ಕ್ಯಾಸೆಟ್ಟೂ ಇರಲಿಲ್ಲ.

ಪ್ರತಿ ಭಾನುವಾರ ಬೆಳಗ್ಗೆ ತಬಲಾ ನುಡಿಸುವ ಈರಣ್ಣ ಹೊಂಬಳ ಬರುತ್ತಿದ್ದ. ಮಾಸ್ತರರ ಅಕ್ಕ ಅಂಬಕ್ಕ, ಗಂಡನನ್ನು ಕಳೆದುಕೊಂಡು ತಮ್ಮನ ಮನೆಯಲ್ಲೇ ಇದ್ದವಳು, ಅಡುಗೆಮನೆಯ ಹೊಸ್ತಿಲ ಮೇಲೆ ಕೂರುತ್ತಿದ್ದಳು. ಈರಣ್ಣ ತೊಡೆ ತಟ್ಟುತ್ತ, ಎಂಥ ವಿಲಂಬಿತ, ಎಂಥ ತಾಳ್ಮೆ ಎಂದು ತಲೆದೂಗುವನು. ಅವನು ಹೊಗಳಿದಾಗಲೆಲ್ಲ ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಅಂಬಕ್ಕನಿಗೆ ಇಂಗ್ಲಿಷ್ ಬಾರದು. ಒಂದೊಂದು ಸಾಲಿನ ಅರ್ಥವನ್ನೂ ಮಾಸ್ತರರಿಂದ ಹೇಳಿಸಿಕೊಂಡಳು. ಆ ಮನೆಯಿಂದ ಕಿರಿಯ ತಮ್ಮ ನಾಣಿ ಮುಂಬೈಗೆ ಹೋಗಿ ಹಡಗಿನ ಕೆಲಸ ಹಿಡಿದಿದ್ದ. ಎರಡು ಕಾಗದ ಬಂದವು, ಆಮೇಲೆ ಇಪ್ಪತ್ತು ವರ್ಷ ಏನೂ ಇಲ್ಲ. ಅವನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಹಾಡು ಮುಗಿದಾಗ ಅಂಬಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗುತ್ತಿದ್ದಳು. ವಾರಕ್ಕೊಮ್ಮೆ ಆ ಆರು ನಿಮಿಷ ಅವಳು ಆ ಕಿರಿಯ ತಮ್ಮನ ಹತ್ತಿರ ಕೂತು ಬರುತ್ತಿದ್ದಳು. ಅದೊಂದೇ ಅವಳಿಗೆ ಇದ್ದದ್ದು.

ಮಾಸ್ತರರು ಆ ತಂಡಕ್ಕೆ ನಾಲ್ಕು ಪುಟದ ಮೆಚ್ಚುಗೆಯ ಕಾಗದ ಬರೆದರು. ನಿಮ್ಮ ನಿಧಾನಗತಿ ನಮ್ಮ ಹಿರಿಯ ಗವಾಯಿಗಳನ್ನು ನೆನಪಿಸುತ್ತದೆ, ನಿಮ್ಮ ಗಾಯಕಿಯ ಗಂಭೀರ ದನಿಗೆ ನಮಸ್ಕಾರ ಎಂದೆಲ್ಲ ಬರೆದು ವಿಮಾನದ ಅಂಚೆಗೆ ಹಾಕಿದರು.

ಅದರ ಮರುವಾರವೇ ಬೆಲ್ಟ್ ಜಾರಿ ನಾನು ತಿರುಗುವುದನ್ನು ನಿಲ್ಲಿಸಿದೆ. ರೇಡಿಯೋ ರಿಪೇರಿಯ ಮೌಲಾಲಿ ಹೊಸ ಬೆಲ್ಟ್ ಹಾಕಿ, ಹಳೆಯದನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ಭಾನುವಾರ ಎಲ್ಲರೂ ಕೂತರು. ನಾನು ಬಾಯಿಬಿಟ್ಟೆ. ಡ್ರಮ್ಮು ಕುಣಿಯಿತು, ಪಿಟೀಲು ಓಡಿತು, ಹದಿಹರೆಯದ ಹುಡುಗಿಯ ದನಿಯೊಂದು ಚುರುಕಾಗಿ ಹಾಡಿ ಮುಗಿಸಿತು. ಈರಣ್ಣ ಬಿದ್ದು ಬಿದ್ದು ನಕ್ಕ. ಮಾಸ್ತರರು ತಾವು ಬರೆದ ಕಾಗದ ನೆನೆದು ತಲೆಯ ಮೇಲೆ ಕೈ ಹೊತ್ತರು.

ಅಂಬಕ್ಕ ನಗಲಿಲ್ಲ. "ದೀಪಾ ಹಿಡಕೊಂಡು ದಾರಿ ಕಾಯೂದ್ರಾಗ ಇಷ್ಟು ಅವಸರ ಯಾಕೋ ವೆಂಕೋಬಾ?" ಎಂದಳು. "ಆ ಹಳೇ ಬೆಲ್ಟನ್ನ ತಿರುಗಿ ಹಾಕಸು."

ಮಾಸ್ತರರು ಒಪ್ಪಲಿಲ್ಲ. "ಅವರು ಹಾಡಿದ್ದು ಹಿಂಗ ಅದ, ಅಕ್ಕಾ. ಗೊತ್ತಾದ ಮ್ಯಾಲೂ ಕೆಡಿಸಿ ಕೇಳೂದು ಅವರಿಗೆ ಅನ್ಯಾಯ ಮಾಡಿಧಂಗ."

ಇಬ್ಬರ ಮಾತೂ ಸರಿಯೇ. ತಪ್ಪು ನನ್ನದು. ನನ್ನ ಮೇಲೆ ಬಟ್ಟೆ ಹೊದಿಸಿದರು. ಭಾನುವಾರಗಳು ನಿಂತವು. ಇಂಗ್ಲೆಂಡಿನಿಂದ ಉತ್ತರ ಬರಲಿಲ್ಲ. ಬರದಿದ್ದದ್ದೇ ಪುಣ್ಯ ಎಂದರು ಮಾಸ್ತರರು. ಅಂಬಕ್ಕ ತಮ್ಮನಿಗೆ ಊಟ ಬಡಿಸುವಾಗಲೂ ಮಾತಾಡುತ್ತಿರಲಿಲ್ಲ.

ಕಾರ್ತಿಕ ಬಂತು. ಒಂದು ಮಧ್ಯಾಹ್ನ ಅಂಬಕ್ಕ ನನ್ನ ಪಕ್ಕದಲ್ಲೇ ಕೂತು ದೀಪಕ್ಕೆ ಹತ್ತಿಯ ಬತ್ತಿ ಹೊಸೆಯುತ್ತಿದ್ದಳು. ಬತ್ತಿ ಹೊಸೆಯುವ ಕೈಗೆ ಅವಸರವಿಲ್ಲ. ಮೆಲ್ಲಗೆ ಅದೇ ರಾಗ ಅವಳ ಬಾಯಿಗೆ ಬಂತು, ಹಳೆಯ ನಿಧಾನದಲ್ಲೇ, ಕನ್ನಡದ ಮಾತಿನಲ್ಲಿ. ಹರಟೆಗೆಂದು ಬಂದ ಈರಣ್ಣ ಬಾಗಿಲಲ್ಲೇ ಕೂತು, ಮಣೆಯನ್ನು ಹತ್ತಿರ ಎಳೆದುಕೊಂಡು ಎರಡು ಬೆರಳಲ್ಲಿ ತಾಳದ ಠೇಕಾ ಹಿಡಿದ. ಕೊನೆಯ ಸಾಲಿಗೆ ಬಂದಾಗ ಅವಳು "ನಾಣೀ" ಎಂದು ಹಾಡಿದಳು. ಆ ಮನೆಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

ಒಳಕೋಣೆಯಿಂದ ಮಾಸ್ತರರು ಬಂದರು. ಅವರ ಕಣ್ಣು ಒದ್ದೆಯಾಗಿತ್ತು. ನನ್ನ ಮೇಲಿನ ಬಟ್ಟೆ ತೆಗೆದು, ಪೇಟೆಯಿಂದ ಯಾವಾಗಲೋ ತಂದಿಟ್ಟಿದ್ದ ಖಾಲಿ ಕ್ಯಾಸೆಟ್ ಹಾಕಿದರು.

"ಇನ್ನೊಮ್ಮೆ ಹಾಡು, ಅಕ್ಕಾ. ಮೊದಲಿಂದ."

ಕೆಂಪು ಗುಂಡಿ ಒತ್ತಿದರು. ನನ್ನ ಬೆಲ್ಟ್ ಬಿಗಿಯಾಗಿತ್ತು, ಚಕ್ರ ನೆಟ್ಟಗೆ ತಿರುಗುತ್ತಿತ್ತು. ಈ ಸಲ ಆ ನಿಧಾನ ನನ್ನ ತಪ್ಪಲ್ಲ, ಅವಳ ಹಾಡಿನದೇ ನಡೆ. ಅಷ್ಟು ಸಂತೋಷ ನನಗೆ ಮತ್ತೆಂದೂ ಆಗಲಿಲ್ಲ. ಮುಂದಿನ ಭಾನುವಾರದಿಂದ ಎರಡೂ ಹಾಡು ಕೇಳತೊಡಗಿದರು, ಮೊದಲು ಅವರದು, ಆಮೇಲೆ ಇವಳದು.

ಈಗ ಅಂಬಕ್ಕನಿಲ್ಲ, ಮಾಸ್ತರರೂ ಇಲ್ಲ. ನಾನು ಈರಣ್ಣನ ಮನೆಯಲ್ಲಿ, ಚರ್ಮ ಹರಿದ ತಬಲಾಗಳ ನಡುವೆ ಗೂಡಿನಲ್ಲಿದ್ದೇನೆ. ಬೆಲ್ಟ್ ಮತ್ತೆ ಸಡಿಲಾಗಿದೆ. ಮೊನ್ನೆ ಅವನ ಸೊಸೆ ಅಂಬಕ್ಕನ ಕ್ಯಾಸೆಟ್ ಹಾಕಲು ಹೋದಾಗ ಮುದುಕ ಕೈ ಅಡ್ಡ ಹಿಡಿದ. "ಮೊದಲ ಹೊಸಾ ಬೆಲ್ಟ್ ಹಾಕಸೂಣು, ತಡಿಯವ್ವ," ಎಂದ. "ಅಕ್ಕಾ ಎಷ್ಟು ಹೊತ್ತು ಕಾದಾಳೋ ಅಷ್ಟ ಕೇಳಬೇಕು. ಅದಕ್ಕಿಂತ ಹೆಚ್ಚ ಆಕಿನ್ನ ಕಾಯಸಬಾರದು."