ಆರಿಸಿ ಉಳಿದ ಚಿತ್ರಗಳು

"ಅಪ್ಪಾ, ಇದ್ರಲ್ಲಿ ಯಾರೂ ಇಲ್ವಲ್ಲ?"

ಪೆಯ್‌ಷಾನ್ ಆ ಫೋಟೊವನ್ನು ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು, ಕೊನೆಗೆ ಬಾಗಿಲ ಬೆಳಕಿಗೆ ತಿರುಗಿಸಿದಳು. ತನ್ನ ಅಂಗಡಿಯಲ್ಲಿ ರಿಪೇರಿಗೆ ಬಂದ ಹೊಲಿಗೆ ಯಂತ್ರವೊಂದರ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ ಆ-ಫಾ ತಲೆ ಎತ್ತದೆಯೇ ನಕ್ಕ.

"ನೀನೇ ಇದೀಯಲ್ಲೇ. ಕೈಯಲ್ಲಿ ಜೋಳದ ತೆನೆ. ಹಿಂದೆ ಬ್ಯಾನರಿನಲ್ಲಿ ಕತ್ತಿ ಹಿಡಿದ ಹೀರೋ, ಮೂಗು ಸೊಟ್ಟ. ಪೇಂಟರು ಕುಡಿದು ಬಂದಿದ್ದಾನೆ ಅಂತ ನಿಮ್ಮಮ್ಮ ನಕ್ಕಿದ್ದೇ ನಕ್ಕಿದ್ದು. ಮರೆತ್‌ಹೋಯ್ತಾ?"

"ಎಲ್ಲಿದೆ, ತೋರ್ಸು."

"ಇಲ್ಲಿ ನೋಡು ಹೀರೋ. ಇಲ್ಲಿ ನೀನು."

ಸ್ಕ್ರೂಡ್ರೈವರಿನ ತುದಿ ತೋರಿಸಿದ ಕಡೆ ಗಂಜಿ ತಿಳಿಯಂಥ ಒಂದು ಹಳದಿ ಬಿಳುಪು ಇತ್ತು, ಅಷ್ಟೇ. ಪೆಯ್‌ಷಾನ್ ಗೋಡೆಯಿಂದ ಇನ್ನೊಂದನ್ನು ಬಿಡಿಸಿದಳು. ಮತ್ತೊಂದನ್ನು ಬಿಡಿಸಿದಳು. ಬಿಳಿ ಅಂಚಿನ ಚೌಕ ಕಾರ್ಡುಗಳು ಮೇಜಿನ ಮೇಲೆ ಸಾಲಾಗಿ ಬಿದ್ದವು. ಒಂದರಲ್ಲಿ ಕೂದಲೋ ನೆರಳೋ ಎಂಬಂತೆ ಒಂದು ಕಂದು ಗೆರೆ ಉಳಿದಿತ್ತು. ಉಳಿದವೆಲ್ಲ ಖಾಲಿ. ದಿನಕ್ಕೆ ಹತ್ತು ಸಲ ನೋಡುವ ಗೋಡೆ ಅದು. ನೋಡಿದಾಗಲೆಲ್ಲ ಆ-ಫಾಗೆ ಎಲ್ಲರೂ ಕಂಡಿದ್ದರು. ಈಗ ಮಗಳ ಕಣ್ಣಿನಿಂದ ನೋಡಿದರೆ ಒಬ್ಬರೂ ಕಾಣಲಿಲ್ಲ.

"ಪರವಾಗಿಲ್ಲ ಬಿಡಪ್ಪ," ಎಂದಳು ಪೆಯ್‌ಷಾನ್. ಸ್ಕ್ಯಾನ್ ಮಾಡಲೆಂದು ತೆಗೆದಿದ್ದ ಫೋನನ್ನು ಚೀಲಕ್ಕೆ ಹಾಕಿಕೊಂಡಳು. "ಆಸ್ಪತ್ರೆ ಫೋಟೊ ಇದೆ, ಆಮೇಲೆ ನಾಲ್ಕನೇ ಕ್ಲಾಸಿಂದು ಇದೆ. ನಡುವಿಂದು ಹಾರಿಸಿದ್ರಾಯ್ತು. ಮೂರು ನಿಮಿಷದ ವಿಡಿಯೋ, ಯಾರು ಲೆಕ್ಕ ಹಾಕ್ತಾರೆ?"

ಯಾರು ಲೆಕ್ಕ ಹಾಕುತ್ತಾರೆ ಎಂದರೆ, ಆ-ಫಾ ಹಾಕುತ್ತಾನೆ. ಮದುವೆಗೆ ಇನ್ನು ಹದಿನೈದು ದಿನ. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತ ಮೇಲೆ ದೀಪ ಆರಿಸಿ, ಮದುಮಗಳು ಒಳಗೆ ಬರುವ ಮೊದಲು, ಅವಳು ಹುಟ್ಟಿ ಬೆಳೆದ ಚಿತ್ರಗಳನ್ನು ಪರದೆಯ ಮೇಲೆ ತೋರಿಸದ ಮದುವೆ ಚಿಯಾಯಿ ಊರಿನಲ್ಲಿ ಈಗ ಯಾವುದಿದೆ? ಹುಡುಗನ ಕಡೆಯವರದು ಟಬ್ಬಿನ ಸ್ನಾನದಿಂದ ಹಿಡಿದು ಸೈನ್ಯದ ಸಮವಸ್ತ್ರದವರೆಗೆ ತಯಾರಾಗಿ ಕೂತಿದೆಯಂತೆ. ಇವಳದರಲ್ಲಿ ಹುಟ್ಟಿನಿಂದ ಒಂಬತ್ತರವರೆಗಿನ ವರ್ಷಗಳು ಹಾರಿಹೋಗುತ್ತವೆ. ಆ ಒಂಬತ್ತು ವರ್ಷ ಬಿಟ್ಟರೆ ತಾನು ಈ ಹುಡುಗಿಗೆ ಅಪ್ಪನಾಗಿದ್ದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಆ-ಫಾನ ಹತ್ತಿರ ಇರಲಿಲ್ಲ.

ಅವನಿಗೆ ಇದ್ದ ಹುಚ್ಚು ಎರಡೇ. ಒಂದು ಸಿನಿಮಾ. ಇನ್ನೊಂದು, ಗುಂಡಿ ಒತ್ತಿದ ಕೂಡಲೇ ಬಾಯಿಂದ ಫೋಟೊ ಉಗುಳುವ ಡಬ್ಬಿ ಕ್ಯಾಮೆರಾ. ದೊಡ್ಡ ಟಾಕೀಸುಗಳಲ್ಲಿ ಓಡಿ ಓಡಿ ಹಳತಾದ ಸಿನಿಮಾಗಳು ಕೊನೆಗೆ ಬಂದು ಸೇರುತ್ತಿದ್ದದ್ದು ತುಂಗ್‌ಹುವಾ ಟಾಕೀಸಿಗೆ. ಒಂದು ಟಿಕೆಟಿಗೆ ಎರಡು ಸಿನಿಮಾ. ಭಾನುವಾರ ಹನ್ನೊಂದಕ್ಕೆ ಒಳಗೆ ಹೋದರೆ ಹೊರಗೆ ಬರುವಾಗ ನಾಲ್ಕು. ಊಟ ಕಟ್ಟಿಕೊಂಡು ಹೋದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಸೋಯಾ ಸಾರಿನಲ್ಲಿ ಬೆಂದ ಬಾತುಕೋಳಿ ರೆಕ್ಕೆ, ಹುಳಿ ಪುಡಿ ಉದುರಿಸಿದ ಸೀಬೆಹಣ್ಣು, ಯಾರೋ ಹಿಂದಿನ ಸೀಟಿನಲ್ಲಿ ಬಿಚ್ಚಿದ ಮೀನು. ಆ ವಾಸನೆಯಲ್ಲೇ ಪ್ರೇಮ, ಆ ವಾಸನೆಯಲ್ಲೇ ಕತ್ತಿವರಸೆ. ಎಂಥಾ ಸುಖ!

ಒಳಗೆ ಹೋಗುವ ಮೊದಲು ಕೈಯಲ್ಲಿ ಬರೆದ ಬ್ಯಾನರಿನ ಕೆಳಗೆ ಹೆಂಡತಿ ಮಗಳನ್ನು ನಿಲ್ಲಿಸಿ ಒಂದು ಫೋಟೊ. ಒಂದೇ ಒಂದು. ಒಂದು ಹಾಳೆಯ ಬೆಲೆಗೆ ಒಬ್ಬರ ಊಟ ಆಗುತ್ತಿತ್ತು, ಹಾಗಾಗಿ ಸರಿ ಬರಲಿಲ್ಲ, ಇನ್ನೊಂದು ತೆಗಿ ಎನ್ನುವ ಮಾತೇ ಇಲ್ಲ. ಚಳಿಗಾಲದಲ್ಲಿ ಹಾಳೆ ತಣ್ಣಗಾದರೆ ಚಿತ್ರ ನೀಲಿಗಟ್ಟುತ್ತದೆ ಎಂದು ಅದನ್ನು ಪೆಯ್‌ಷಾನಳ ಸ್ವೆಟರಿನೊಳಗೆ ಸೇರಿಸುತ್ತಿದ್ದ. "ಕಾವು ಕೊಡು ಮಗಳೇ, ಇಣುಕಬೇಡ." ಅವಳು ಪರದೆಯ ಮೇಲೆ ಸಿನಿಮಾದವರ ಹೆಸರುಗಳು ಬರುತ್ತಿರುವಾಗಲೇ ಇಣುಕುತ್ತಿದ್ದಳು. "ಇನ್ನೇನು ಮರಿ ಆಚೆ ಬರತ್ತೆ," ಎಂದು ಹೆಂಡತಿ ಷುಯೆಯಿಂಗ್ ಕತ್ತಲಲ್ಲಿ ಗೇಲಿ ಮಾಡುತ್ತಿದ್ದಳು.

ಗಂಡಹೆಂಡತಿ ಯಾಕೆ ಬೇರೆಯಾದರು ಎಂದರೆ ಇಬ್ಬರೂ ಒಂದೊಂದು ಕಥೆ ಹೇಳುತ್ತಾರೆ, ಎರಡೂ ನಿಜ. ಪಾತ್ರೆ, ಫ್ರಿಜ್ಜು, ಮಂಚ ಹಂಚಿಕೊಳ್ಳಲು ಅರ್ಧ ಗಂಟೆ ಸಾಕಾಯಿತು. ಫೋಟೊಗಳಿಗೆ ಮಾತ್ರ ಇಡೀ ಮಧ್ಯಾಹ್ನ ಹಿಡಿಯಿತು. ಬೇರೆ ಫೋಟೊಗಳಾಗಿದ್ದರೆ ನೆಗೆಟಿವ್ ಕೊಟ್ಟು ಎರಡೆರಡು ಪ್ರತಿ ಹಾಕಿಸಬಹುದಿತ್ತು. ಇವಕ್ಕೆ ನೆಗೆಟಿವ್ ಎಲ್ಲಿಂದ ತರುವುದು? ಒಂದು ಕಾರ್ಡು ಒಬ್ಬರಿಗೆ ಸೇರಿದರೆ ಇನ್ನೊಬ್ಬರಿಗೆ ಇಲ್ಲ.

"ತೆಗ್ದೋನು ನೀನು, ನೀನೇ ಆರಿಸ್ಕೋ. ಉಳಿದದ್ದು ನಂಗಿರ್ಲಿ," ಎಂದಿದ್ದಳು ಷುಯೆಯಿಂಗ್.

ಮರ್ಯಾದಸ್ಥನಾದವನು ನನಗೊಂದು ನಿನಗೊಂದು ಎಂದು ಹಂಚುತ್ತಿದ್ದ. ಆ-ಫಾ ಹಾಗೆ ಮಾಡಲಿಲ್ಲ. ನೆಲದ ಮೇಲೆ ಹರಡಿದ್ದನ್ನು ಕಂಡದ್ದೇ ತಡ, ಅವನೊಳಗಿನ ಫೋಟೊ ಹುಚ್ಚ ಎದ್ದು ಕೂತ. ಮುಖ ಸ್ಪಷ್ಟವಿದ್ದದ್ದು, ಬೆಳಕು ಚೆನ್ನಾಗಿ ಬಿದ್ದದ್ದು, ನಗು ಸರಿಯಾಗಿ ಸಿಕ್ಕಿದ್ದು, ಎಲ್ಲವನ್ನೂ ತನ್ನ ಕಡೆಗೆ ಎಳೆದುಕೊಂಡ. ಕೆಟ್ಟವನ್ನು ಸರಿಯಾಗಿ ನೋಡದೆಯೇ ಹಿಂಗೈಯಿಂದ ಅವಳ ಕಡೆ ದೂಡಿದ. ಷುಯೆಯಿಂಗ್ ಏನೋ ಹೇಳಲು ಬಾಯಿ ತೆರೆದಳು, ಸುಮ್ಮನಾದಳು. ಇಪ್ಪತ್ತೆರಡು ವರ್ಷವಾದರೂ ಆ ದೂಡುವ ಕೈ ನೆನಪಾದರೆ ಆ-ಫಾಗೆ ನಾಚಿಕೆಯಾಗುತ್ತದೆ.

ಹಾಗೆ ಆರಿಸಿಕೊಂಡದ್ದನ್ನು ಅವನೇನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟನೇ? ದಿನವೂ ಕಣ್ಣಿಗೆ ಬೀಳಲಿ ಎಂದು ಅಂಗಡಿಯ ಗೋಡೆಗೆ ಅಂಟಿಸಿದ. ಮಧ್ಯಾಹ್ನ ಎರಡರಿಂದ ಸಂಜೆಯವರೆಗೆ ಬಿಸಿಲು ನೇರ ಬಂದು ಕೂರುವ ಗೋಡೆ. ಇಂಥ ಫೋಟೊಗೆ ಬಿಸಿಲು ಆಗದು ಎಂದು ಊರಿಗೆಲ್ಲ ಪಾಠ ಹೇಳುತ್ತಿದ್ದವನೇ ಅವನು!

ಮಗಳು ಹೋದ ಮೇಲೆ ಎಲ್ಲವನ್ನೂ ಬಿಡಿಸಿದ. ಮೂಲೆಯಲ್ಲಿ ಒಂದರ ಅಂಚಿನ ಮೇಲೆ ಇನ್ನೊಂದು ಕೂತಿತ್ತು. ಮೇಲಿನದನ್ನು ಕಿತ್ತಾಗ ಕೆಳಗಿನದರಲ್ಲಿ ಬೆರಳಗಲದ ಒಂದು ಪಟ್ಟಿ ಬಣ್ಣ ಮಾಸದೆ ಉಳಿದಿತ್ತು. ಅದರಲ್ಲಿ ಒಂದು ಪುಟ್ಟ ಕೆಂಪು ಬೂಟು. ಒಂದೇ ಬೂಟು, ಅದರ ಮೇಲೆ ಕಾಲಿಲ್ಲ. ಆ-ಫಾ ಅಂಗಡಿಯ ಷಟರ್ ಅರ್ಧ ಎಳೆದು, ಸ್ಟೂಲಿನ ಮೇಲೆ ಕೂತು ಅತ್ತ.

ಮರುದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಗಿರಾಕಿಗಳು ಕರಗುವ ಸಮಯ ನೋಡಿ, ಷುಯೆಯಿಂಗಳ ತಿಂಡಿ ಅಂಗಡಿಗೆ ಹೋದ. ಅವಳು ಬೆನ್ನು ತಿರುಗಿಸಿ ಕಾವಲಿ ಕೆರೆಯುತ್ತಿದ್ದಳು.

"ಏನ್ ಕೊಡ್ಲಿ ಸುಂದರಾಂಗ?" ಎಂದಳು. ತಿಂಡಿ ಅಂಗಡಿಯ ಹೆಂಗಸರ ಬಾಯಲ್ಲಿ ಎಂಬತ್ತರೊಳಗಿನ ಗಂಡಸರೆಲ್ಲ ಸುಂದರಾಂಗರೇ. ತಿರುಗಿ ನೋಡಿದವಳು, "ಓ, ನೀನಾ? ಆಡಿದ ಮಾತು ವಾಪಸ್ ತಗೊಂಡೆ," ಎಂದಳು.

"ಒಂದು ವಿಷಯ ಇತ್ತು ಆ-ಯಿಂಗ್."

"ತಿಂಡಿ ಆಯ್ತಾ?"

"ತಿಂದ್ಕೊಂಡೇ ಬಂದೆ."

"ಸುಳ್ಳು." ಕಾವಲಿಯ ಮೇಲೆ ಹಿಟ್ಟು ಸುರಿದು ಮೊಟ್ಟೆ ಒಡೆದಳು. "ಹೇಳು."

"ಫೋಟೊಗಳು ಹೋದ್ವು."

"ಕಳ್ಳರು ಬಂದಿದ್ರಾ?"

"ಬಿಸಿಲು."

ಷುಯೆಯಿಂಗ್ ಸಟ್ಟುಗವನ್ನು ಹಾಗೇ ಹಿಡಿದು ನಿಂತಳು. "ಗೋಡೆಗೆ ಹಾಕಿದ್ಯಾ? ಆ ಅಂಗಡಿ ಗೋಡೆಗೆ?"

"ಯಾವಾಗ್ಲೂ ಕಾಣ್ತಾ ಇರ್ಲಿ ಅಂತ..."

"ಅಯ್ಯೋ ನನ್ ಕ್ಯಾಮೆರಾ ಪಂಡಿತ! ಬಟ್ಟೆ ಒಣಗಾಕೋಕೂ ನೆರಳು ನೋಡ್ತಾರಲ್ಲೋ ಜನ!" ಅವಳು ಗಹಗಹಿಸಿ ನಕ್ಕಳು. ಮೂಲೆಯಲ್ಲಿ ಪೇಪರ್ ಓದುತ್ತಿದ್ದ ಮುದುಕನೂ ಸುಮ್ಮನೆ ಜೊತೆಗೂಡಿ ನಕ್ಕ. ಆಮೇಲೆ ಅವಳ ನಗು ತಾನಾಗಿ ನಿಂತಿತು. "ಒಂದೂ ಉಳಿದಿಲ್ವಾ? ಜೋಳದ್ದು?"

"ಇಲ್ಲ."

"ಮುಂದಿನ ಹಲ್ಲು ಬಿದ್ದಾಗಿಂದು? ಬಾಯಿ ಮುಚ್ಕೊಂಡು ನಿಂತಿದ್ಲಲ್ಲ?"

"ಅದೂ ಇಲ್ಲ."

ಷುಯೆಯಿಂಗ್ ಕಾವಲಿಯ ಕಡೆ ತಿರುಗಿದಳು. ರೊಟ್ಟಿ ಒಂದು ಬದಿ ಸೀದಿತ್ತು. ಅದನ್ನೇ ಸುತ್ತಿ, ಕತ್ತರಿಸಿ, ತಟ್ಟೆಗೆ ಹಾಕಿ ಅವನ ಮುಂದೆ ಕುಕ್ಕಿದಳು.

"ನಿನ್ನ ಪಾಲಿನವು ಇವೆಯಾ?" ಎಂದು ಕೇಳಿದ ಆ-ಫಾ, ತಟ್ಟೆ ನೋಡುತ್ತಾ.

"ನನ್ನ ಪಾಲು! ಮುಖ ಇರೋದೆಲ್ಲ ನೀನು ಬಾಚ್ಕೊಂಡೆ. ನಂಗೆ ಬಂದಿದ್ದು ಕಾಲು, ಕೂದ್ಲು, ಗೋಡೆ. ಅದನ್ನ ತಗೊಂಡು ಮದುವೇಲಿ ಏನ್ ತೋರಿಸ್ತೀಯ? ಈ ಮೊಣಕಾಲು ಮದುಮಗಳದ್ದು ಅಂತಾನಾ?"

"ತಪ್ಪಾಯ್ತು ಆ-ಯಿಂಗ್. ಅವತ್ತು ನಾನು ಹಾಗೆ ಆರಿಸ್ಬಾರ್ದಿತ್ತು."

ಅವಳು ಬಟ್ಟೆಯಿಂದ ಮೇಜು ಒರೆಸಿದಳು, ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

"ಮಗಳು ಬಂದು ಕೇಳಿದ್ರೆ ಅವಳಿಗೆ ಕೊಡ್ತೀನಿ," ಎಂದಳು ಕೊನೆಗೆ. "ನಿನ್ ಕೈಗೆ ಮಾತ್ರ ಕೊಡಲ್ಲ. ಮತ್ತೆ ಆರಿಸೋಕೆ ಕೂತ್ಬಿಟ್ರೆ? ತಿನ್ನು, ತಣ್ಣಗಾಗತ್ತೆ. ಮತ್ತೆ ಮದುವೆಗೆ ಆ ಕಂದು ಕೋಟ್ ಹಾಕ್ಕೊಂಡು ಬರ್ಬೇಡ, ಕೈ ಮುಗೀತೀನಿ."

ಅಮ್ಮನ ಹತ್ತಿರ ಕೇಳಿ ನೋಡು ಎಂದು ಮಗಳಿಗೆ ಒಂದು ಸಾಲು ಮೆಸೇಜು ಕಳಿಸಿದ ಆ-ಫಾ ಮದುವೆಯವರೆಗೆ ಮತ್ತೆ ಆ ಮಾತು ಎತ್ತಲಿಲ್ಲ. ಅಮ್ಮನ ಹತ್ತಿರ ಹೋಗಿದ್ದೆಯಾ ಎಂದು ಮಗಳನ್ನು ಕೇಳಲು ಫೋನ್ ಎತ್ತಿ ಎತ್ತಿ ಇಟ್ಟ. ಕೇಳಿ, ಇಲ್ಲ ಎಂದುಬಿಟ್ಟರೆ? ಹೋಗಿದ್ದೆ ಆದರೆ ಒಂದೂ ಹಾಕುವ ಹಾಗಿಲ್ಲ ಎಂದುಬಿಟ್ಟರೆ?

ಮದುವೆಯ ದಿನ ಹೊಸ ಬೂದು ಕೋಟು ಹಾಕಿಕೊಂಡು ಮುಖ್ಯ ಮೇಜಿನಲ್ಲಿ ಕೂತ. ಎಲ್ಲರಿಗಿಂತ ದೊಡ್ಡ ಕುರ್ಚಿಯಲ್ಲಿ, ಪದ್ಧತಿಯಂತೆ, ಮದುಮಗಳ ಸೋದರಮಾವ. ಅವನ ಎಡಕ್ಕೆ ಆ-ಫಾ, ಬಲಕ್ಕೆ ಷುಯೆಯಿಂಗ್. ಗೋಡೆ ಎಬ್ಬಿಸಿದ ಹಾಗೆ ಮಾವ ನಡುವೆ ಕೂತಿದ್ದು ಇಬ್ಬರಿಗೂ ಅನುಕೂಲವೇ ಆಗಿತ್ತು. ಮೊದಲು ತಣ್ಣನೆಯ ತಿನಿಸಿನ ತಟ್ಟೆಗಳು ಬಂದವು. ಮೈಕಿನವನು ಎರಡು ಜೋಕು ಹೇಳಿದ. ದೀಪಗಳು ಆರಿದವು.

ಕತ್ತಲಾದದ್ದೇ ಆ-ಫಾನ ಎದೆ ಹಳೆಯ ಭಾನುವಾರಗಳ ಹಾಗೆ ಹೊಡೆದುಕೊಂಡಿತು. ಮೊದಲು ಹುಡುಗನದು ಓಡಿತು: ಟಬ್ಬು, ಸೈಕಲ್ಲು, ಸಮವಸ್ತ್ರ. ಚಪ್ಪಾಳೆ. ಆಮೇಲೆ ಆಸ್ಪತ್ರೆಯ ಬಟ್ಟೆಯಲ್ಲಿ ಸುತ್ತಿದ ಕೆಂಪು ಕೂಸು. ಇನ್ನು ನಾಲ್ಕನೇ ಕ್ಲಾಸು ಬರುತ್ತದೆ ಎಂದು ಆ-ಫಾ ಕಣ್ಣು ಮುಚ್ಚಿದ.

"ಏನಿದು?" ಎಂದ ಮಾವ.

ಕಣ್ಣು ಬಿಟ್ಟರೆ ಪರದೆಯ ತುಂಬ ಬಿಳಿ ಅಂಚಿನ ಚೌಕ. ತುಂಗ್‌ಹುವಾದ ಬ್ಯಾನರು, ನೀಲಿ ಆಕಾಶ, ನಿನ್ನೆ ತೆಗೆದ ಹಾಗೆ ಬಣ್ಣ. ತೀರಾ ಕೆಳಗೆ ಒಂದು ಹಳದಿ ರಿಬ್ಬನ್ನು, ಅರ್ಧ ಹಣೆ. ಜನ ನಕ್ಕರು. ಮುಂದಿನದರಲ್ಲಿ ಫ್ರಾಕಿನ ಅಂಚು, ಚೌಕಟ್ಟಿನಿಂದ ಆಚೆ ಓಡುತ್ತಿರುವ ಒಂದು ಕಾಲು. ಅದರ ಮುಂದಿನದರಲ್ಲಿ ಷುಯೆಯಿಂಗಳ ಕುತ್ತಿಗೆ, ಕೈ, ಆ ಕೈಯನ್ನು ಹಿಡಿದ ಪುಟ್ಟ ಕೈ. ಮೂರರಲ್ಲೂ ಎಡ ಮೂಲೆಯಲ್ಲಿ ಗುಲಾಬಿ ಬಣ್ಣದ ದೊಡ್ಡದೊಂದು ಮಬ್ಬು ಮುದ್ದೆ.

"ಅದೇನು, ಹಂದಿ ಕಿವಿನಾ?" ಎಂದ ಮಾವ ಜೋರಾಗಿ. ಎರಡು ಮೇಜುಗಳವರು ಬಿದ್ದು ಬಿದ್ದು ನಕ್ಕರು.

ನಾಲ್ಕನೆಯ ಚಿತ್ರ ಬಂತು. ಮತ್ತೆ ಅದೇ ಗುಲಾಬಿ ಮುದ್ದೆ, ಈ ಸಲ ಅರ್ಧ ಚಿತ್ರವನ್ನೇ ನುಂಗಿತ್ತು. ಅದರ ಕಡೆಗೆ ಪೆಯ್‌ಷಾನ್ ಕೆಂಪು ಗೆರೆಯಲ್ಲಿ ಒಂದು ಬಾಣ ಬರೆದಿದ್ದಳು. ಬಾಣದ ಹಿಂದೆ ಅವಳ ಕೈಬರಹದಲ್ಲಿ ಒಂದೇ ಮಾತು: ಅಪ್ಪ.

ಐದನೆಯದರಲ್ಲಿ ಬಾಣ. ಅಪ್ಪ. ಆರನೆಯದರಲ್ಲಿ ಬಾಣ. ಅಪ್ಪ. ಊಟದ ಪೊಟ್ಟಣದ ದಾರ ಎಡಗೈ ಬೆರಳಿಗೆ ಸಿಕ್ಕಿಸಿಕೊಂಡು ಗುಂಡಿ ಒತ್ತುತ್ತಿದ್ದದ್ದು ಆ-ಫಾಗೆ ಈಗ ನೆನಪಾಯಿತು. ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಕಿಂಡಿ ಒಂದು ಕಡೆ, ಲೆನ್ಸು ಇನ್ನೊಂದು ಕಡೆ. ಬೆರಳು ಅಡ್ಡ ಬಂದದ್ದು ನೋಡುವವನಿಗೆ ತಿಳಿಯುತ್ತಿರಲಿಲ್ಲ. ನಗು ಒಂದೊಂದೇ ಮೇಜಿನಲ್ಲಿ ಇಳಿಯುತ್ತಾ ಬಂತು.

ಷುಯೆಯಿಂಗ್ ಅಣ್ಣನ ಬೆನ್ನ ಹಿಂದಿನಿಂದ ವಾಲಿ, ಟಾಕೀಸಿನಲ್ಲಿ ಮಾತಾಡುವ ಹಾಗೆ ಸಣ್ಣ ದನಿಯಲ್ಲಿ, "ಅವತ್ತೇ ಹೇಳೋಕೆ ಬಂದೆ. ನೀನು ನೋಡ್ಲೇ ಇಲ್ಲ," ಎಂದಳು.

ಮೇಜಿನ ಬಟ್ಟೆಯ ಕೆಳಗೆ ಆ-ಫಾ ತನ್ನ ಎಡಗೈಯ ತೋರುಬೆರಳನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಕೂತಿದ್ದ. ಪರದೆಯ ಮೇಲೆ ಮುಂದಿನ ಭಾನುವಾರ ಬಂತು.