ಲಿಂಗದ ಸುತ್ತ ಕರಿ ಎಳೆ

ಗೌರಾಬಾಯಿ ಗಂಡನ ಹಣೆಗೆ ಎಳೆದ ಮೂರನೆಯ ವಿಭೂತಿ ಗೀಟು ಹುಬ್ಬಿನ ಮೇಲೆ ಹಾದು ಕಿವಿಯ ಕಡೆಗೆ ಹೋಯಿತು. ಹೂವಿನ ಮಂಟಪದಲ್ಲಿ ಕೂರಿಸಿದ್ದ ಬಸವಂತರಾಯನ ತಣ್ಣಗಾದ ಮುಖವನ್ನು ಆಕೆ ಬೆರಳಿನಿಂದ ತಡಕಿ, ಒರೆಸಿ, ಮತ್ತೆ ಎಳೆದಳು.

"ಕೈ ನಡಗಾಕತ್ತಾವ, ಪಾಪ," ಎಂದಳು ನೆರೆಮನೆಯ ನಿಂಬೆವ್ವ. "ಬಿಡ್ರಿ ಅಕ್ಕಾರ, ನಾ ಹಚ್ತೇನಿ."

ಕೈ ನಡುಗಿರಲಿಲ್ಲ. ಬಲಗಣ್ಣಿನಲ್ಲಿ ಕರಿ ಎಳೆಯೊಂದು ಜೇಡರ ಬಲೆಯಂತೆ ಜೋತುಬಿದ್ದು ಗಂಡನ ಹಣೆಯನ್ನೇ ಮುಚ್ಚಿತ್ತು. ಎಳ್ಳಮಾವಾಸ್ಯೆಯ ಹೊತ್ತಿಗೆ ಶುರುವಾದದ್ದು. ಗಂಡನಂತೆ ಆಕೆಗೂ ಸಕ್ಕರೆ ಕಾಯಿಲೆ ಇರುವುದು ಊರಿಗೇ ಗೊತ್ತು. ಈ ಎಳೆಯ ಮಾತನ್ನು ಮಾತ್ರ ಮಗಳು ಬಸವೇಶ್ವರಿಗೂ ಹೇಳಿರಲಿಲ್ಲ. ಹೇಗೆ ಹೇಳಿಯಾಳು? ಅಂಥದೇ ಎಳೆಯಿಂದ ಗಂಡ ತಮ್ಮೂರು ನಿಂಬರ್ಗಾದಲ್ಲಿ ದೊಡ್ಡ ಶರಣನೆನಿಸಿದ್ದ.

*

ಬಸವಂತರಾಯ ಹಿಟ್ಟಿನ ಗಿರಣಿಯವನು. ಜೀವಮಾನವೆಲ್ಲ ಊರಿನ ಜೋಳ ಬೀಸಿದ, ಹುಬ್ಬು ಬಿಳಿ ಮಾಡಿಕೊಂಡ, ಅಷ್ಟೇ. ದಿನಾ ಬೆಳಿಗ್ಗೆ ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ರೆಪ್ಪೆ ಬಡಿಯದೆ ನೋಡುತ್ತ ಕೂರುತ್ತಿದ್ದ. ಒಂದು ದಿನ ಪೂಜೆಯಿಂದ ಎದ್ದವನ ಕಣ್ಣಲ್ಲಿ ನೀರು.

"ಗೌರಾ, ಲಿಂಗದ ಸುತ್ತ ಕರಿ ಎಳಿ ಇಳ್ಯಾಕತ್ತಾವ. ನಡುನಡುವ ಬೆಳಕು ಮಿಂಚತದ. ಇಷ್ಟು ವರ್ಷದ ಪೂಜಿ ಫಲಾ ಕೊಟ್ಟದ."

ಊರ ಬಾಯಿಗೆ ಮುಚ್ಚಳ ಎಲ್ಲಿಯದು? ಹಿಟ್ಟಿಗೆ ಬಂದವರು ಅವನನ್ನು 'ಅಪ್ಪೋರು' ಎಂದು ಕರೆದು ಪಾದ ಮುಟ್ಟಿ ಹೋಗತೊಡಗಿದರು. ಗೌರಾಬಾಯಿಗೆ ಹಿಗ್ಗೋ ಹಿಗ್ಗು. ಬಸವೇಶ್ವರಿ ಒಬ್ಬಳೇ ಹಟ ಹಿಡಿದು ಅಪ್ಪನನ್ನು ಕಲಬುರಗಿಯ ಕಣ್ಣಿನ ದವಾಖಾನೆಗೆ ಎಳೆದೊಯ್ದಳು. ಅಲ್ಲಿನ ಡಾಕ್ಟರಮ್ಮ ಕಣ್ಣಿನ ಹಿಂಭಾಗದ ಫೋಟೊ ತೆಗೆದು ತೋರಿಸಿದಳು.

"ಶುಗರಿನಿಂದ ರಕ್ತನಾಳ ಸೋರಿ ಕಣ್ಣೊಳಗೆ ರಕ್ತ ಬಂದಿದೆ. ನಿಮಗೆ ಎಳೆ ಹಾಗೆ ಕಾಣೋದು ಅದೇ. ಈ ಚಿತ್ರ ನೋಡಿಕೊಂಡು ಕೆಟ್ಟ ಜಾಗವನ್ನಷ್ಟೇ ಲೇಸರ್ ಬೆಳಕಿನಿಂದ ಸುಡ್ತೀವಿ. ಹೋದ ದೃಷ್ಟಿ ಬರುತ್ತೆ ಅಂತ ಹೇಳಲ್ಲ, ಇರೋದನ್ನ ಉಳಿಸಬಹುದು."

ಬಸವಂತರಾಯ ಎದ್ದೇಬಿಟ್ಟ. "ಲಿಂಗಯ್ಯ ಕೊಟ್ಟದ್ದನ್ನ ಸುಡ್ತೀರೇನ್ರಿ?"

ಕೊನೆಗೆ ಒಂದು ಮಟಮಟ ಮಧ್ಯಾಹ್ನ, ಹುಟ್ಟಿದಾಗಿನಿಂದ ತುಳಿದ ದಾರಿಯಲ್ಲೇ ನಡೆದು, ತೊಗರಿ ಹೊಲದ ಕಟ್ಟೆಯಿಲ್ಲದ ಬಾವಿಗೆ ಕಾಲಿಟ್ಟ. ಅಪ್ಪನಿಗೆ ಅಂಚು ಕಾಣಲಿಲ್ಲ ಎಂದು ಬಸವೇಶ್ವರಿ ಅತ್ತಳು. ಲಿಂಗಯ್ಯನ ಕರೆ ಬಂತು, ಹೋದರು ಎಂದಿತು ಊರು.

*

ಹೊಲದಲ್ಲಿ ತೋಡಿದ ಕುಣಿಯೊಳಗೆ ಅವನನ್ನು ಕೂರಿಸಿ ಅಂಗೈಯಲ್ಲಿ ಲಿಂಗವಿಟ್ಟರು. ಜನ ಮುಷ್ಟಿಯಲ್ಲಿ ಮಣ್ಣು ಹಿಡಿದು ಸುತ್ತ ನಿಂತರು. ಇಲ್ಲಿಯೇ ಗದ್ದುಗೆ ಕಟ್ಟಿಸಬೇಕೆಂಬ ಮಾತೂ ಎದ್ದಿತ್ತು.

ಗಿರಣಿಯಲ್ಲಿ ಗಂಡನ ಜೊತೆ ದುಡಿಯುತ್ತಿದ್ದ ಅಂಬಾರಾಯ ಗೌರಾಬಾಯಿಯ ಪಕ್ಕಕ್ಕೆ ಸರಿದು ಮೆಲ್ಲಗೆ ಅಂದ: "ಅಪ್ಪೋರ ಆಶೀರ್ವಾದ ಅಕ್ಕಾರ. ನಿನ್ನಿ ಮುಂಜಾನಿಯಿಂದ ನನಗೂ ಲಿಂಗದ ಸುತ್ತ ಎಳಿ ಕಾಣಾಕತ್ತಾವ. ಶುಗರಿನ ಗುಳಿಗಿ ಬಿಟ್ಟುಬಿಟ್ಟೇನಿ."

ಗೌರಾಬಾಯಿ ತಿರುಗಿ ಅವನ ಕಣ್ಣುಗಳನ್ನೇ ನೋಡಿದಳು. ಹೇಳಿದರೆ ಕುಣಿಯಲ್ಲಿ ಕೂತವನ ಮರ್ಯಾದೆ ಹೋಯಿತು. ಸುಮ್ಮನಿದ್ದರೆ ಈ ಮಕ್ಕಳೊಂದಿಗನಿಗೂ ತನಗೂ ಅದೇ ಬಾವಿಯ ದಾರಿ. ಗಂಡನ ಮೇಲೆ ಸಿಟ್ಟು ಬಂತು, ಅದರ ಬೆನ್ನಿಗೇ ಅಳು ಬಂತು. ನನ್ನನ್ನು ಕ್ಷಮಿಸು ಎಂದು ಒಳಗೇ ಬೇಡಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಅದು ಲಿಂಗಯ್ಯ ಕೊಟ್ಟದ್ದಲ್ಲೋ ಅಂಬಾರಾಯ, ಕಣ್ಣಾಗಿನ ರಕ್ತ. ನಿಮ್ಮ ಅಪ್ಪೋರಿಗೂ ಅದೇ ಆಗಿತ್ತು. ಈಗ ನನಗೂ ಎಳಿ ಕಾಣಾಕತ್ತಾವ. ನಾಳಿಗಿ ಲೇಸರ್ ಮಾಡಿಸಾಕ ಹೋಗ್ತೇನಿ, ನೀನೂ ನಡಿ."

ಬಸವೇಶ್ವರಿ ಓಡಿಬಂದು ಅವ್ವನ ಕೈ ಹಿಡಿದಳು. ಮೊದಲು ಎದ್ದದ್ದು ನಿಂಬೆವ್ವನ ದನಿ.

"ಕೇಳಿದ್ರೇನ್ರಿ? ಅಕ್ಕಾರಿಗೂ ಲಿಂಗಯ್ಯನ ಎಳಿ ಇಳದಾವ."

"ಅಲ್ಲ ಬೇ, ನಾ ಹೇಳಿದ್ದು..." ಗೌರಾಬಾಯಿಯ ಮಾತು ಮುಗಿಯಲಿಲ್ಲ. ಅಂಬಾರಾಯ ಆಗಲೇ ಬಾಗಿದ್ದ. ಅವನ ಹಿಂದೆ ಇನ್ನೊಬ್ಬರು, ಅವರ ಹಿಂದೆ ಸಾಲು. ಬಸವೇಶ್ವರಿ ಅಳುತ್ತ ಒಬ್ಬೊಬ್ಬರನ್ನೇ ಹಿಂದಕ್ಕೆ ತಳ್ಳುತ್ತಿದ್ದಳು. ಕುಣಿಗೆ ಹಾಕಲು ಹಿಡಿದಿದ್ದ ಮಣ್ಣು ಬಾಗಿದವರ ಮುಷ್ಟಿಗಳಿಂದ ಗೌರಾಬಾಯಿಯ ಪಾದಗಳ ಮೇಲೆ ಬೀಳತೊಡಗಿತು.