ತಲೆಗೆ ಕಟ್ಟಿದ ದೀಪ

ಮಗಳ ಮೂತ್ರಪಿಂಡದಲ್ಲಿ ಎರಡನೆಯ ಸಲ ಕಲ್ಲು ಕಂಡಾಗ ಅವಳಿಗೆ ಎಂಟು ವರ್ಷ. ಮನೆಯಲ್ಲಿ ಅವಳನ್ನು ಸಾಸಿವೆ ಎಂದು ಕರೆಯುತ್ತೇವೆ. ಒಂದು ಕಡೆ ನಿಲ್ಲದೆ ಸಿಡಿಯುತ್ತಾಳೆಂದು ನಮ್ಮ ಅತ್ತೆ ಇಟ್ಟ ಹೆಸರು. ಇಷ್ಟು ಚಿಕ್ಕ ಮಗುವಿಗೆ ಮತ್ತೆ ಮತ್ತೆ ಕಲ್ಲು ಬರಬಾರದು ಎಂದು ಡಾಕ್ಟರು ರಕ್ತ ತೆಗೆದು ಜೀನ್ ಪರೀಕ್ಷೆಗೆ ಕಳಿಸಿದರು. ಆರು ವಾರದ ಮೇಲೆ ವರದಿ ಬಂತು.

ಲಿವರಿನಲ್ಲಿ ಒಂದು ಪ್ರೋಟೀನು ಇದೆ. ದೇಹದಲ್ಲಿ ಹುಟ್ಟುವ ಒಂದು ಬಗೆಯ ಕಸವನ್ನು, ಅದು ಹರಳುಗಟ್ಟುವ ಮೊದಲೇ, ಬೇರೆ ಮಾಡಿ ಸಾಗಹಾಕುವುದು ಅದರ ಕೆಲಸ. ಸಾಸಿವೆಯ ಪ್ರೋಟೀನಿನಲ್ಲಿ ಎರಡು ಬದಲಾವಣೆಗಳಿದ್ದವು. ಅದರ ತಲೆಯ, ಅಂದರೆ ಆರಂಭದ ತುದಿಯ, ಹತ್ತಿರದ್ದು ಎಷ್ಟೋ ಜನರಲ್ಲಿ ಇರುವಂಥದ್ದು, ಅದೊಂದರಿಂದಲೇ ಯಾರಿಗೂ ಏನೂ ಆಗಿಲ್ಲ. ಇನ್ನೊಂದು ನಡುವೆ. ಅದರ ಮುಂದೆ ‘ಪರಿಣಾಮ ಗೊತ್ತಿಲ್ಲ’ ಎಂದು ಬರೆದಿತ್ತು. ಡಾಕ್ಟರು ಮೂರು ತಿಂಗಳಿಗೆ ಮಾತ್ರೆ ಕೊಟ್ಟರು. ಹಗಲಲ್ಲಿ ಗಂಟೆಗೊಂದು ಲೋಟ ನೀರು, ರಾತ್ರಿ ಎರಡು ಸಲ ಎಬ್ಬಿಸಿ ನೀರು. ಮಾತ್ರೆ ಹಿಡಿಯದಿದ್ದರೆ ದೊಡ್ಡದೇನಾದರೂ ಯೋಚಿಸಬೇಕಾಗುತ್ತದೆ ಎಂದರು. ದೊಡ್ಡದು ಅಂದರೆ ಏನೆಂದು ನಾನೂ ಕೇಳಲಿಲ್ಲ, ನನ್ನ ಹೆಂಡತಿಯೂ ಕೇಳಲಿಲ್ಲ.

ನಾನು ಯೀಸ್ಟಿನ ಪ್ರಯೋಗಾಲಯದಲ್ಲಿ ಸಹಾಯಕ. ಹದಿನೇಳು ವರ್ಷದಿಂದ ಯೀಸ್ಟಿಗೆ ಬೇಯಿಸಿ ಹಾಕುತ್ತೇನೆ, ಗಾಜು ತೊಳೆಯುತ್ತೇನೆ, ಹೊಸ ಜೀನು ಸೇರಿಸಿ ಬೆಳೆಸುವುದನ್ನೂ ಕಲಿತಿದ್ದೇನೆ. ನಮ್ಮ ಮೇಡಂ ಜೀವಮಾನವಿಡೀ ಕೇಳುತ್ತಿರುವುದು ಒಂದೇ ಪ್ರಶ್ನೆ: ಒಂದು ಜೀವಕೋಶದೊಳಗೆ ಹುಟ್ಟಿದ ಪ್ರೋಟೀನಿಗೆ ತನ್ನ ಕೋಣೆ ಯಾವುದೆಂದು ಹೇಗೆ ತಿಳಿಯುತ್ತದೆ? ಪ್ರೋಟೀನು ಮಣಿ ಪೋಣಿಸಿದ ಸರದ ಹಾಗೆ. ವಿಳಾಸ ಆ ಮಣಿಗಳಲ್ಲೇ ಇರುತ್ತದೆ. ಬಾಲದ ಕೊನೆಯ ಮೂರು ಮಣಿ ಒಂದು ಬಗೆಯವಾದರೆ ಅದು ಪೆರಾಕ್ಸಿಸೋಮ್ ಎಂಬ ಪುಟ್ಟ ಕೋಣೆಗೆ ಹೋಗಬೇಕು. ತಲೆಯ ಕಡೆಯ ಮಣಿಗಳು ಇನ್ನೊಂದು ಬಗೆಯವಾದರೆ ಮೈಟೊಕಾಂಡ್ರಿಯ ಎಂಬ ಬೇರೆ ಕೋಣೆಗೆ. ಬಾಗಿಲು ಕಾಯುವವರು ಆ ಗುರುತನ್ನಷ್ಟೇ ನೋಡುತ್ತಾರೆ, ಒಳಗೆ ಏನು ಸರಕಿದೆ ಎಂದು ವಿಚಾರಿಸುವುದಿಲ್ಲ. ಯೀಸ್ಟೂ ನಾವೂ ಪಾಲಾಗಿ ಎಷ್ಟು ಕೋಟಿ ವರ್ಷವಾಯಿತೋ, ಈ ವಿಷಯದಲ್ಲಿ ಮಾತ್ರ ದಾಯಾದಿಗಳಿಬ್ಬರ ಮನೆಯಲ್ಲೂ ಇನ್ನೂ ಒಂದೇ ಪದ್ಧತಿ.

ಸಾಸಿವೆಯ ಪ್ರೋಟೀನು ಸೇರಬೇಕಾದದ್ದು ಪುಟ್ಟ ಕೋಣೆಗೆ. ಅದನ್ನು ಯೀಸ್ಟಿಗೆ ಹಾಕಿ ಎಲ್ಲಿಗೆ ಹೋಗುತ್ತದೆಂದು ನೋಡಲೇ ಎಂದು ಮೇಡಂ ಅವರನ್ನು ಕೇಳಿದೆ.

“ನೋಡಿ. ಆದರೆ ಇದು ಆಸ್ಪತ್ರೆ ರಿಪೋರ್ಟ್ ಅಲ್ಲ. ಇಲ್ಲಿ ಕಂಡಿದ್ದನ್ನ ಮನೆಗೆ ತಗೊಂಡು ಹೋಗ್ಬೇಡಿ,” ಎಂದರು.

ಪ್ರೋಟೀನು ಕಣ್ಣಿಗೆ ಬೀಳಬೇಕಾದರೆ ಅದಕ್ಕೆ ಹಸಿರಾಗಿ ಹೊಳೆಯುವ ಇನ್ನೊಂದು ಪ್ರೋಟೀನನ್ನು ಕಟ್ಟಬೇಕು. ನಾವು ಅದಕ್ಕೆ ದೀಪ ಎನ್ನುತ್ತೇವೆ. ಪುಟ್ಟ ಕೋಣೆಯ ಪ್ರೋಟೀನುಗಳಿಗೆ ದೀಪವನ್ನು ತಲೆಗೇ ಕಟ್ಟಬೇಕು ಎಂಬುದು ನಮ್ಮಲ್ಲಿ ವೇದವಾಕ್ಯ. ಬಾಲಕ್ಕೆ ಕಟ್ಟಿದರೆ ಆ ಮೂರು ಮಣಿ ಮುಚ್ಚಿಹೋಗಿ ವಿಳಾಸವೇ ಕಾಣುವುದಿಲ್ಲ. ಹೊಸದಾಗಿ ಬಂದ ಎಲ್ಲ ವಿದ್ಯಾರ್ಥಿಗಳೂ ಒಂದು ಸಲ ಬಾಲಕ್ಕೆ ಕಟ್ಟಿ ಪೆಚ್ಚಾಗುತ್ತಾರೆ, ನಾವೆಲ್ಲ ನಗುತ್ತೇವೆ. ನಾನು ನಕ್ಕಷ್ಟು ಯಾರೂ ನಕ್ಕಿಲ್ಲ. ಸಾಸಿವೆಯದನ್ನೂ ತಲೆಗೇ ಕಟ್ಟಿದೆ. ಪಳಗಿದ ಕೈ, ತಾನಾಗಿ ಓಡಿತು.

ಯೀಸ್ಟಿಗೆ ಎಣ್ಣೆಯ ಅಂಶ ಉಣಿಸಿದರೆ ಪುಟ್ಟ ಕೋಣೆಗಳು ಹೆಚ್ಚುತ್ತವೆ. ಹಾಗೆ ಬೆಳೆಸಿ ಸೂಕ್ಷ್ಮದರ್ಶಕದಡಿ ಇಟ್ಟೆ. ಎಲ್ಲರಲ್ಲಿ ಇರುವಂಥ ಪ್ರೋಟೀನು ಹಾಕಿದ್ದರಲ್ಲಿ ಹಸಿರು ಚುಕ್ಕಿಗಳು. ಮಗಳದು ಹಾಕಿದ್ದರಲ್ಲೂ ಹಸಿರು ಚುಕ್ಕಿಗಳು. ಚೀಟಿ ಕಿತ್ತರೆ ಯಾವುದು ಯಾರದೆಂದು ಹೇಳುವುದಕ್ಕೆ ಆಗುತ್ತಿರಲಿಲ್ಲ.

ಮೇಡಂ ಹೇಳಿದ್ದು ನೆನಪಿತ್ತು. ಆದರೂ ಆ ಸಂಜೆ ಹೆಂಡತಿ ಹೊಲಿಗೆ ಕಾರ್ಖಾನೆಯಿಂದ ಬಂದು ಚಪ್ಪಲಿ ಬಿಡುವುದಕ್ಕೂ ಬಿಡದೆ ಫೋನಿನಲ್ಲಿ ಚಿತ್ರ ತೋರಿಸಿದೆ. ಚುಕ್ಕಿ ಇದ್ದರೆ ಪ್ರೋಟೀನು ಸರಿಯಾದ ಜಾಗಕ್ಕೆ ಹೋಗುತ್ತಿದೆ ಎಂದರ್ಥ, ಹಾಗಾದರೆ ನಡುವಿನ ಬದಲಾವಣೆಯಿಂದ ತೊಂದರೆ ಇಲ್ಲ, ಕಲ್ಲು ಮತ್ತೆ ಮತ್ತೆ ಬರಲಾರದು ಎಂದೆ. ಅವಳು ನಿಂತಲ್ಲೇ ಗೋಡೆಗೆ ಒರಗಿದಳು. ಹದಿನೇಳು ವರ್ಷ ಬೂಷ್ಟು ಸಾಕಿದ್ದಕ್ಕೆ ಅಳಿಯಂದಿರಿಂದ ಇಂದಾದರೂ ಒಂದು ಉಪಕಾರ ಆಯಿತಲ್ಲ ಎಂದು ಅತ್ತೆ ಒಳಗಿನಿಂದಲೇ ಚುಚ್ಚಿದರು. ಬೂಷ್ಟು ಬೇರೆ, ಯೀಸ್ಟು ಬೇರೆ ಎಂದು ಯಾವಾಗಲೂ ವಾದಿಸುವವನು ಅಂದು ನಕ್ಕುಬಿಟ್ಟೆ.

ನೀರಿಗೆ ಎಬ್ಬಿಸಲೆಂದು ಇಟ್ಟಿದ್ದ ಎರಡು ಅಲಾರಮ್ಮುಗಳನ್ನೂ ಹೆಂಡತಿ ಆ ರಾತ್ರಿಯೇ ತೆಗೆದಳು. ಮಗು ನಿದ್ದೆಗೆಟ್ಟು ಕಡ್ಡಿಯಾಗಿದೆ, ಇನ್ನಾದರೂ ಮಲಗಲಿ ಎಂದಳು. ನಿಜ ಹೇಳಬೇಕೆಂದರೆ, ನನಗೂ ಅದೇ ಬೇಕಿತ್ತು. ಡಾಕ್ಟರನ್ನು ಒಂದು ಮಾತು ಕೇಳಲಿಲ್ಲ. ಶಾಲೆಯಲ್ಲಿ ಗಂಟೆಗೊಂದು ಲೋಟದ ಲೆಕ್ಕವೂ ಸಡಿಲವಾಯಿತು. ಸಾಸಿವೆಯ ಕಣ್ಣಿನ ಕೆಳಗಿನ ಕಪ್ಪು ವಾರದಲ್ಲಿ ಇಳಿಯಿತು.

ನಮ್ಮಲ್ಲಿ ಸಂಶೋಧನೆ ಮಾಡುವ ಒಬ್ಬ ಹುಡುಗಿ ಇದ್ದಾಳೆ. ಬಾಯಿ ತೆರೆದರೆ ಪ್ರಶ್ನೆಯೇ ಬರುವುದರಿಂದ ಎಲ್ಲರೂ ಅವಳನ್ನು ಪ್ರಶ್ನೆ ಎಂದೇ ಕರೆಯುತ್ತಾರೆ. ಅಲಾರಂ ತೆಗೆದ ಹತ್ತೊಂಬತ್ತನೆಯ ದಿನ ನಾನು ಸಿಂಕಿನಲ್ಲಿ ಫ್ಲಾಸ್ಕು ತೊಳೆಯುತ್ತಿದ್ದಾಗ ಅವಳು ಪಕ್ಕದಲ್ಲಿ ಬಂದು ನಿಂತಳು.

“ಅಣ್ಣ, ದೀಪ ತಲೆಗೆ ಕಟ್ಟಿದ್ರಿ ಅಲ್ವಾ?”

“ಮತ್ತೆ ಬಾಲಕ್ಕೆ ಕಟ್ಟೋಕೆ ನಾನೇನು ನಿನ್ನ ಹಾಗೆ ಹೊಸಬನಾ?”

ಅವಳು ನಗಲಿಲ್ಲ. “ಪಾಪುಗೆ ಒಂದು ಬದಲಾವಣೆ ಇರೋದು ತಲೆ ಹತ್ತಿರಾನೇ. ಅದು ದೀಪದ ಹಿಂದೆ ಮುಚ್ಚಿಹೋಗಲ್ವಾ?”

ನಲ್ಲಿ ಓಡುತ್ತಲೇ ಇತ್ತು. ಅವಳೇ ಕೈ ಚಾಚಿ ನಿಲ್ಲಿಸಿದಳು.

ಮುಂದಿನದನ್ನು ಅವಳು ಹೇಳಬೇಕಾಗಿರಲಿಲ್ಲ. ತಲೆಯ ಬದಲಾವಣೆ ಒಂದು ಸುಳ್ಳು ಗುರುತು, ಮೈಟೊಕಾಂಡ್ರಿಯದ ಬಾಗಿಲು ಓದುವಂಥದ್ದು. ಬಲವಿಲ್ಲದ್ದು, ಆದ್ದರಿಂದ ಬೇರೆಯವರಲ್ಲಿ ಅದು ನಡೆಯುವುದಿಲ್ಲ. ಪ್ರೋಟೀನಿನ ಸರ ಬೇಗ ಮಡಚಿಕೊಂಡು ಗಟ್ಟಿ ಉಂಡೆಯಾಗಿ, ಆ ಬಾಗಿಲಲ್ಲಿ ತೂರದೆ, ತನ್ನ ಪಾಡಿಗೆ ಸರಿಯಾದ ಕೋಣೆಗೆ ಹೋಗುತ್ತದೆ. ನಡುವಿನ ಬದಲಾವಣೆ ಮಡಚಿಕೊಳ್ಳುವುದನ್ನು ತಡ ಮಾಡಿದರೆ, ಅಷ್ಟರೊಳಗೆ ತಪ್ಪು ಬಾಗಿಲು ತಲೆಯನ್ನು ಹಿಡಿದು ಎಳೆದುಕೊಳ್ಳುತ್ತದೆ. ಎಳೆದುಕೊಳ್ಳುತ್ತದೆಯೋ ಇಲ್ಲವೋ ಎಂದೇ ನಾನು ನೋಡಬೇಕಾಗಿದ್ದದ್ದು. ಆ ತಲೆಗೇ ದೀಪ ಕಟ್ಟಿ, ಸುಳ್ಳು ಗುರುತನ್ನು ಮುಚ್ಚಿ, ಚುಕ್ಕಿ ಕಂಡಿತೆಂದು ಮನೆಗೆ ಓಡಿದ್ದೆ.

ಅಂದೇ ಅಲಾರಂ ಮತ್ತೆ ಇಟ್ಟೆ. ಯಾಕೆ ಎಂದು ಹೆಂಡತಿ ಕೇಳಿದಳು. ಸುಮ್ಮನೆ, ಇರಲಿ ಎಂದೆ. ಅವಳು ನನ್ನ ಮುಖ ನೋಡಿ, ಲೋಟಕ್ಕೆ ನೀರು ತುಂಬಿ ಮಗಳ ಹಾಸಿಗೆಯ ಪಕ್ಕ ಇಟ್ಟಳು.

ಎರಡನೆಯ ಸಲ ದೀಪವನ್ನೇ ಕಟ್ಟಲಿಲ್ಲ. ಆ ಪ್ರೋಟೀನನ್ನಷ್ಟೇ ಹಿಡಿಯುವ ಬಣ್ಣ ತರಿಸಿ ಯೀಸ್ಟಿಗೆ ಹಾಕಿದೆವು. ಹನ್ನೊಂದು ದಿನ ಹಿಡಿಯಿತು. ಎಲ್ಲರಲ್ಲಿ ಇರುವಂಥದ್ದು ಚುಕ್ಕಿ ಚುಕ್ಕಿಯಾಗಿಯೇ ಇತ್ತು. ಮಗಳದರಲ್ಲಿ ಎಳೆಗಳು, ಕೋಶದ ಅಂಚಿನುದ್ದಕ್ಕೂ ಹರಡಿದ ಎಳೆಗಳು. ಅದು ಮೈಟೊಕಾಂಡ್ರಿಯದ ಆಕಾರ. ನೂರಾರು ಕೋಶ ನೋಡಿದೆ. ಒಂದಾದರೂ ಬೇರೆ ಥರ ಇರಬಹುದೆಂದು ಗಾಜನ್ನು ಸರಿಸುತ್ತಲೇ ಹೋದೆ. ಪ್ರೋಟೀನಿಗೆ ಏನೂ ಆಗಿರಲಿಲ್ಲ, ಅಳೆದು ನೋಡಿದರೆ ಕೆಲಸವನ್ನೂ ಮಾಡುತ್ತಿತ್ತು. ಕಸ ಇರುವ ಕೋಣೆ ಒಂದು, ಅದು ಗುಡಿಸುತ್ತಿದ್ದ ಕೋಣೆ ಇನ್ನೊಂದು.

ಯೀಸ್ಟಿನಲ್ಲಾದರೆ ಆ ಮಣಿಯನ್ನು ತಿರುಗಿ ಸರಿ ಮಾಡಲು ನನಗೆ ಒಂದು ವಾರ ಸಾಕು. ನೂರಾರು ಸಲ ಮಾಡಿದ್ದೇನೆ.

ಮೇಡಂ ಚಿತ್ರ ನೋಡಿ ಬಹಳ ಸ್ಪಷ್ಟವಾಗಿದೆ ಎಂದರು. ಅಂದ ಮೇಲೆ ಆ ಮಾತು ಅವರಿಗೇ ಕಸಿವಿಸಿಯಾಗಿ, ಎರಡು ದಿನ ರಜೆ ತೆಗೆದುಕೊಳ್ಳಿ ಎಂದರು.

ಹೆಂಡತಿಗೆ ಏನೆಂದು ಹೇಳಲಿ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಮನೆಗೆ ಹೋಗಿ ಫೋನನ್ನು ಅವಳ ಕೈಗೆ ಕೊಟ್ಟೆ.

“ಚುಕ್ಕಿ ಎಲ್ಲಿ?” ಎಂದಳು.

“ಇಲ್ಲ.”

“ಇದು ದಾರ ಇದ್ದ ಹಾಗಿದೆ.”

“ಹೌದು.”

ದಿನವಿಡೀ ದಾರ ನೋಡುವ ಕಣ್ಣು ಅವಳದು. ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ಮೂಲೆ ಮೂಲೆ ಹುಡುಕಿದಳು. “ಹತ್ತೊಂಬತ್ತು ದಿನ,” ಎಂದು ಫೋನ್ ಹಿಂದಕ್ಕೆ ಕೊಟ್ಟು ಒಳಗೆ ಹೋದಳು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ.

ಮೂರು ತಿಂಗಳು ಮುಗಿದ ಮೇಲೆ ಆಸ್ಪತ್ರೆಗೆ ಹೋದೆವು. ಮಾತ್ರೆ ಹಿಡಿದಿರಲಿಲ್ಲ. ಎಡಗಡೆ ಮೂರನೆಯ ಕಲ್ಲು. ಅಲಾರಂ ನಿಲ್ಲಿಸಿದ್ದನ್ನು ನಾನೇ ಹೇಳಿದೆ. ಅದರಿಂದಲೇ ಬಂತೆಂದು ಹೇಳಲಾಗದು, ನೀರು ಕುಡಿದಿದ್ದರೂ ಬರಬಹುದಿತ್ತು ಎಂದರು ಡಾಕ್ಟರು. ಬರದೆಯೂ ಇರಬಹುದಿತ್ತೇ ಎಂದು ನನ್ನ ಹೆಂಡತಿ ಕೇಳಿದಳು. ಅವರು ಸ್ಕ್ಯಾನಿನ ಚಿತ್ರವನ್ನು ಲಕೋಟೆಗೆ ಹಾಕಿದರು. ದೊಡ್ಡದು ಅಂದರೆ ಏನೆಂದು ಅಂದು ಹೇಳಿದರು. ಈ ಲಿವರ್ ತೆಗೆದು ಬೇರೆಯದನ್ನು ಇಡುವುದು. ನಮ್ಮಿಬ್ಬರಲ್ಲಿ ಯಾರದ್ದಾದರೂ ಒಂದು ಭಾಗ ಹೊಂದುತ್ತದೆಯೇ ಎಂದು ಮೊದಲು ನೋಡೋಣ ಎಂದು ಇಬ್ಬರ ತೋಳಿನಿಂದಲೂ ರಕ್ತ ತೆಗೆಸಿದರು.

ಬಸ್ಸಿನಲ್ಲಿ ಸಾಸಿವೆ ನಮ್ಮಿಬ್ಬರ ನಡುವೆ ಕೂತಿದ್ದಳು. ಮೂರು ನಿಲ್ದಾಣ ದಾಟಿದ ಮೇಲೆ ಕೇಳಿದಳು.

“ಅಪ್ಪ, ನನ್ನ ಲಿವರ್ ಕೆಟ್ಟುಹೋಗಿದ್ಯಾ?”

“ಇಲ್ಲಮ್ಮ.”

“ಮತ್ತೆ ಆ ಪ್ರೋಟೀನು?”

“ಅದೂ ಕೆಟ್ಟಿಲ್ಲ. ಚೆನ್ನಾಗಿ ಕೆಲಸ ಮಾಡತ್ತೆ. ಬೇರೆ ಕೋಣೇಲಿ ಕೂತಿದೆ, ಅಷ್ಟೇ.”

“ಅಷ್ಟೇ ಆದ್ರೆ ಅದನ್ನ ಆ ಕಡೆಯಿಂದ ಈ ಕಡೆ ಕಳಿಸಿಬಿಡು. ನಿನ್ನ ಕೆಲಸ ಅದೇ ಅಲ್ವಾ?”

ಹೆಂಡತಿ ಕಿಟಕಿಯ ಕಡೆ ತಿರುಗಿದಳು. ಸಾಸಿವೆ ನನ್ನ ತೋಳಿನ ಮೇಲಿನ ಹತ್ತಿಯನ್ನು ನೋಡುತ್ತ ಉತ್ತರಕ್ಕೆ ಕಾಯುತ್ತಿದ್ದಳು. ಅವಳು ಯಾವಾಗಲೂ ಕಾಯುತ್ತಾಳೆ, ಯಾಕೆಂದರೆ ಇದುವರೆಗೆ ಪ್ರತಿ ಸಲ ನಾನು ಏನಾದರೊಂದು ಹೇಳಿದ್ದೇನೆ.